ಒತ್ತಕ್ಷರ

ಮತ ಎಣಿಕಿ ಮುಗದು ಮೂರು ದಿನ.
ಬೆಳಗಾವಿ ಕ್ಯಾಂಪಿನ್ಯಾಗ ಮಿಲಿಟರಿ ಕ್ಯಾಂಟೀನ್ ಮುಂದ ಪಾಳಿ.
ನನ್ನ ಚೀಟಿ ತೊಂಬತ್ತೇಳು. ಉಗುರಿನ ಬುಡಕ ಇನ್ನೂ ಶಾಯಿ.
ಗಿಡದ ನೆಳ್ಳಿಗೆ ಕುಂತ ಪಿಂಚಣಿದಾರರು ಎರಡು ದಂಡು:
ಗೆದ್ದವರ ದಂಡು ಸ್ವಲ್ಪ ಜೋರಾಗಿ ಕೆಮ್ಮತೈತಿ.

ಸುಬೇದಾರ ಅಡಿವೆಪ್ಪ ತಲ್ಲೂರ,
ಗಡಿಮ್ಯಾಲ ಎರಡು ಬೆರಳು ಬಿಟ್ಟು ಬಂದವ,
ಉಳಿದ ಮೂರರಾಗ ಪೇಪರ್ ಹಿಡದು ಓದಿದ:
ಹೊಸ ಶಾಸಕರು ಸತ್ಕಾರದ ಸಭಾದಾಗ ಹೇಳ್ಯಾರಂತ,
ಗಂಡನ ಸಹಿ ಇಲ್ಲದ ಬಸಿರು ತೆಗಿಬಾರದು,
ಅದಕ್ಕೊಂದು ಕಾಯದೆ ತರಸ್ತಾರಂತ.
"ತರಲಿ. ಮನಿಗೂ ಒಂದು ಶಿಸ್ತು ಬೇಕು."

"ಮೈನ್ ತುಂಬಿದ ನೆಲದಾಗ ಯಾರ ಸಹಿ ತಗೊಂಡು ಕಾಲಿಡ್ತಿದ್ದಿ?"
ಅಂದ ದಸ್ತಗೀರ ಮುಲ್ಲಾ, ಸ್ಯಾಪರ್.
"ಕಾಲು ಯಾರದೋ, ಲೆಕ್ಕ ಅವರದು."

ಯಲ್ಲೋಜಿ ಕಣಬರ್ಕರ್ ಗೆದ್ದ ಪಾರ್ಟಿಯವನ,
ಮೊನ್ನೆ ಗುಲಾಲು ಹಾರಿಸಿದ್ದು ಕಿವಿ ಹಿಂದ ಇನ್ನೂ ಐತಿ.
ಆದ್ರೂ ತಲಿ ಅಲ್ಲಾಡಿಸಿದ:
"ಅರೆ, ನಮ್ಮ ಗಲ್ಲಿಯೊಳಗ ಕದ್ದು ಸ್ಕ್ಯಾನ್ ಮಾಡಿಸಿ
ಹೆಣ್ಣು ಅಂತ ತಗಿಸಿದ್ರಲ್ಲ,
ಅಲ್ಲಿ ಗಂಡನ ಸಹಿನ ಮೊದಲ ಬಿದ್ದಿತ್ತು.
ಅತ್ತಿ ಹೆಬ್ಬೆಟ್ಟೂ ಇತ್ತು."

"ಈಗಿನ ಕಾಯದೆ ಹೆಂಗಸಿನ ಸಹಿ ಸಾಕು ಅಂತೈತಿ," ಅಂದ ಮುಲ್ಲಾ.
"ಕಾಯದೆ ಅಂತೈತಿ. ದವಾಖಾನಿ ಅನ್ನೂದಿಲ್ಲ."
ಇದು ಮೇಜರ್ ಫಿಲೋಮಿನಾ, ಸೇನೆಯ ನರ್ಸಿನವರು,
ಚೀಲ ಮಡಿಲಾಗಿಟ್ಟುಕೊಂಡು ಇಷ್ಟೊತ್ತು ಸುಮ್ಮನಿದ್ದವರು.
"ನಮ್ಮ ಚರ್ಚು ಬ್ಯಾಡ ಅಂತೈತಿ. ನಾನೂ ಬ್ಯಾಡ ಅಂತೀನಿ.
ಆದ್ರ ಹದಿನಾಲ್ಕರ ಹುಡುಗಿಯ ಮಂಚದ ಮಗ್ಗಲಾ ನಿಂತು
ಆ ಮಾತು ಅನ್ನಾಕ ನಾಲಿಗಿ ಹೊಳ್ಳಲಿಲ್ಲ."

"ಸೋತವರೆಲ್ಲಾ ಒಂದ ರಾಗ," ಅಂದ ಅಡಿವೆಪ್ಪ.
"ಕಣಬರ್ಕರ್, ನೀನೂ? ಏ ಭರಮಪ್ಪ, ನೀ ಹೇಳಪಾ,
ನೀ ಯಾ ಕಡಿ?"

ನಾನು ಸಿಗ್ನಲ್ಸ್.
ಇಪ್ಪತ್ತೆರಡು ವರ್ಷ ಮಂದಿ ಮಾತು ದಾಟಿಸಿದವ.
ನಂದು ಅಂತ ಒಂದು ಮಾತು ಸೆಟ್ಟಿನ ಮ್ಯಾಲ ಆಡಲಿಲ್ಲ.

ಚಂಪವ್ವ ತೀರಿದ ಮ್ಯಾಲ ಟ್ರಂಕಿನ ತಳದಾಗ
ಒಂದು ಕಾಗದ ಸಿಕ್ಕಿತು. ಎಂಬತ್ತೊಂಬತ್ತನೇ ಇಸವಿ,
ಬೈಲಹೊಂಗಲದ ದವಾಖಾನಿದು.
ಆ ಚಳಿಗಾಲ ನಾ ಮ್ಯಾಲ, ಹಿಮದ ಪೋಸ್ಟಿನ್ಯಾಗ.
ದಾರಿ ಮುಚ್ಚಿತ್ತು. ಮೂರು ತಿಂಗಳು ಟಪಾಲಿಲ್ಲ.
ಕಾಗದದಾಗ 'ಗಂಡನ ಸಹಿ' ಅನ್ನೂ ಗೆರಿ ಮ್ಯಾಲ
ನನ್ನ ಹೆಸರು.

ನನ್ನ ಸಹ್ಯಾಗ ಒತ್ತಿರೂದಿಲ್ಲ.
ಅವಸರದ ಕೈ. 'ಭರಮಪ' ಅಂತ ಎಳದು ಬಿಡತೀನಿ,
ಪಗಾರದ ಪುಸ್ತಕದಾಗೂ ಹಂಗ.
ಆಕಿ ಪೂರ್ತಿ ಬರದಾಳ.
ಸಾಲಿ ಹುಡುಗಿ ಪಾಟಿ ಮ್ಯಾಲ ತಿದ್ದಿದಂಗ
ಪ-ದ ಕೆಳಗ ಒಂದು ಒತ್ತು ಕೊಟ್ಟಾಳ.
ಅಲ್ಲಿ ಶಾಯಿ ಸ್ವಲ್ಪ ಹರಡೈತಿ. ಕೈ ನಿಂತಿರಬೇಕು.

ಕಾರಣ ಅನ್ನೂ ಖಾನ್ಯಾಗ ಡಾಕ್ಟರ ಅಕ್ಷರ.
ಸೈಫರ್ ಒಡದವ ನಾನು, ಅದನ್ನ ಒಡಿಲಾಕ ಆಗಲಿಲ್ಲ.
ಆ ಬ್ಯಾಸಗಿ ರಜಾಕ್ಕ ಬಂದಾಗ ಕೇಳಿದ್ದೆ,
ಯಾಕ, ಸೊರಗೀಯಲ್ಲ?
ಚಾಕ್ಕ ಬೆಲ್ಲ ಹಾಕ್ಲೋ ಸಕ್ಕರಿ ಹಾಕ್ಲೋ, ಅಂದಿದ್ದಳು.
ನಾ ಸಕ್ಕರಿ ಅಂದಿದ್ದೆ.

"ತೊಂಬತ್ತೇಳು!"
ಎದ್ದೆ. ಅಡಿವೆಪ್ಪ ಇನ್ನೂ ನನ್ನ ಬಾಯಿ ನೋಡತಿದ್ದ.
"ಸುಬೇದಾರ ಸಾಹೇಬ್ರ, ನನ್ನ ಸಹಿ
ಒಮ್ಮೆ ನಾ ಮಾಡಿಲ್ಲ," ಅಂದೆ.
"ಅಂದ್ರ?" ಅಂದ.
ಮೇಜರ್ ಬಾಯಿ ಕಾಲು ಒಳಗ ತಗೊಂಡು ದಾರಿ ಬಿಟ್ಟರು.

ನಾಲ್ಕು ಸಾಬಾನು, ಚಾಪುಡಿ, ಒಂದು ರಮ್ಮಿನ ಬಾಟ್ಲಿ.
"ಇಲ್ಲಿ ಸಹಿ, ಕಾಕಾ."
ಭ, ರ, ಮ, ಪ.
ಪೆನ್ನು ಎತ್ತಲಿಲ್ಲ.
ಹಿಂದ ತೊಂಬತ್ತೆಂಟು ಕೆಮ್ಮಿದ.